ಸಹಾಯ ಬೇಕು: ಹಳೇ ಫುಟ್ಬಾಲ್ ಶೂ, ಒಬ್ಬ ಗೋಲ್‌ಕೀಪರ್
ಎಲ್ಲರಿಗೂ ನಮಸ್ಕಾರ. ನಾನು ಸಿಂಧನೂರು ಕಡೆಯ ಒಂದು ಹೈಸ್ಕೂಲಿನ ಪಿಟಿ ಮಾಸ್ತರು. ನಮ್ಮ 17 ವರ್ಷದೊಳಗಿನ ಹುಡುಗರ ಫುಟ್ಬಾಲ್ ಟೀಮ್ ಈ ಸಲ ತಾಲ್ಲೂಕು ಗೆದ್ದಿದೆ! ಇನ್ನು 12 ದಿನಕ್ಕೆ ರಾಯಚೂರಿನಲ್ಲಿ ಜಿಲ್ಲಾ ಮಟ್ಟ, ಅಲ್ಲಿ ಗೆದ್ದರೆ ಕಲಬುರಗಿ ವಿಭಾಗ.

ಕಷ್ಟ ಏನಂದ್ರೆ, 16 ಹುಡುಗರಿಗೆ ಇರೋದು ಐದೇ ಜೊತೆ ಶೂ. ನಮ್ಮದು ಎರೆ ಮಣ್ಣಿನ ಗ್ರೌಂಡ್, ಮಳೆ ಬಂದರೆ ಕಾಲಿಗೆ ಹೆಂಟೆ ಹೆಂಟೆಯಾಗಿ ಮೆತ್ತಿಕೊಳ್ಳುತ್ತದೆ, ಒಣಗಿದರೆ ಬಿರುಕು ಬಿಟ್ಟು ಅಂಚೆಲ್ಲ ಚೂಪು. ಹೋದ ವಾರ ಒಬ್ಬ ಹುಡುಗನ ಹೆಬ್ಬೆರಳಿನ ಉಗುರೇ ಕಿತ್ತು ಬಂತು. ಮರುದಿನ ಹಳೇ ಪಂಚೆಯ ತುಂಡು ಸುತ್ತಿಕೊಂಡು ಎಲ್ಲರಿಗಿಂತ ಮೊದಲು ಬಂದು ನಿಂತಿದ್ದ, ಬೇಡ ಅಂದರೂ ಕೇಳಲಿಲ್ಲ. ಅಲ್ಲದೆ ಆಟದ ನಿಯಮದ ಪ್ರಕಾರ ಶೂ, ಶಿನ್‌ಗಾರ್ಡ್ (ಮೊಣಕಾಲ ಕೆಳಗೆ ಮುಂಭಾಗಕ್ಕೆ ಕಟ್ಟೋ ರಕ್ಷಣೆ) ಎರಡೂ ಕಡ್ಡಾಯ, ಬರಿಗಾಲಲ್ಲಿ ಇಳಿಸೋಕೆ ಆಗಲ್ಲ.

ಮನೆಯಲ್ಲಿ ಸುಮ್ನೆ ಬಿದ್ದಿರೋ ಸ್ಟಡ್ ಶೂ (ಅಡಿಯಲ್ಲಿ ಗುಬಟು ಇರೋ ಫುಟ್ಬಾಲ್ ಶೂ) ಇದ್ದರೆ ಕೊಡಿ. ಸೈಜ್ 5ರಿಂದ 8. ಸ್ವಲ್ಪ ಹರಿದಿದ್ದರೂ ಪರವಾಗಿಲ್ಲ, ಹೊಲಿಸಿಕೊಳ್ಳುತ್ತೇವೆ. ದುಡ್ಡು ಬೇಡ.

ಇನ್ನೊಂದು ಮಾತು. ನಮ್ಮ ಗೋಲ್‌ಕೀಪರ್ ಮೊದಲು ಕಬಡ್ಡಿ ಆಡುತ್ತಿದ್ದವನು. ಎದುರಾಳಿಯ ಕಾಲ ಬಳಿ ಹಾರಿ ಬಿದ್ದು ಬಾಲ್ ಹಿಡಿಯೋದರಲ್ಲಿ ಧೈರ್ಯ ಜಾಸ್ತಿ, ಆದರೆ ಕಾರ್ನರ್‌ನಿಂದ ಎತ್ತರಕ್ಕೆ ಬರೋ ಬಾಲ್‌ಗೆ ಯಾವಾಗ ಮುಂದೆ ಬರಬೇಕು, ಯಾವಾಗ ನಿಲ್ಲಬೇಕು ಅನ್ನೋದು ಗೊತ್ತಾಗ್ತಿಲ್ಲ. ನಾನು ವಾಲಿಬಾಲ್ ಆಡಿದವನು, ಅದನ್ನು ಹೇಳಿಕೊಡೋಕೆ ನನಗೆ ಬರಲ್ಲ. ಸಿಂಧನೂರು, ಮಾನ್ವಿ, ಗಂಗಾವತಿ ಸುತ್ತಮುತ್ತ ಕಾಲೇಜಿನಲ್ಲಿ ಕೀಪರ್ ಆಗಿ ಆಡಿದವರು ಯಾರಾದರೂ ಇದ್ದರೆ ಎರಡು ಭಾನುವಾರ ಬೆಳಿಗ್ಗೆ ಬನ್ನಿ ಅಣ್ಣಾ. ಬಸ್ ಚಾರ್ಜ್ ನನ್ನದು, ಊಟ ನಮ್ಮ ಮನೆಯಲ್ಲೇ.