‘ಹಣ್ಣೆಲೆ’, ‘ಕಾಯೆಲೆ’ ಮತ್ತು ಹೊಂಗೆಯ ಹಣ್ಣು: ಮರ ನೋಡುವ ಮಕ್ಕಳಿಗೆ ಪದ ಬೇಕು

ಎಲ್ಲರಿಗೂ ನಮಸ್ಕಾರ.

ತಿಪಟೂರು ಕಡೆಯ ಒಂದು ಸರ್ಕಾರಿ ಶಾಲೆಯ ಮಕ್ಕಳ ಜೊತೆ ಕಳೆದ ವರ್ಷದಿಂದ ಮರ ನೋಡುವ ಕೆಲಸ ಮಾಡುತ್ತಿದ್ದೇನೆ. ನಾಲ್ಕೈದು ಮಕ್ಕಳಿಗೆ ಒಂದು ಮರ. ವಾರಕ್ಕೊಮ್ಮೆ ಅದೇ ಮರದ ಹತ್ತಿರ ಹೋಗಬೇಕು. ಚಿಗುರು ಬಂದಿದೆಯಾ, ಹೂ ಬಿಟ್ಟಿದೆಯಾ, ಕಾಯಿ ಕಟ್ಟಿದೆಯಾ ಅಂತ ನೋಡಿ ಹಾಳೆಯಲ್ಲಿ ಗುರುತು ಹಾಕಬೇಕು. ಇಲ್ಲ, ಸ್ವಲ್ಪ, ಜಾಸ್ತಿ. ಅಷ್ಟೇ ಲೆಕ್ಕ. ಸೀಸನ್‌ವಾಚ್ ಅನ್ನುವ ಯೋಜನೆಯಲ್ಲಿ ದೇಶದ ಬೇರೆ ಬೇರೆ ಕಡೆ ಜನ ಇದೇ ಕೆಲಸ ಮಾಡುತ್ತಿದ್ದಾರೆ. 1996ರಲ್ಲಿ ಮೈಸೂರಿನಲ್ಲಿ ಶುರುವಾದ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಅದನ್ನು ನಡೆಸುತ್ತದೆ. ವಿಷು ಹಬ್ಬಕ್ಕೆ ಅರಳಬೇಕಾದ ಕಕ್ಕೆ ಹೂವು ಈಗೀಗ ಮೊದಲೇ ಅರಳುತ್ತಿದೆ ಅಂತ ಕೇರಳದ ಜನ ಹೇಳುತ್ತಲೇ ಇದ್ದಾರೆ. ಅದು ನಿಜವಾ ಅಂತ ತಿಳಿಯಬೇಕಾದರೆ ಊರೂರಲ್ಲಿ ಯಾರಾದರೂ ವರ್ಷವರ್ಷವೂ ನೋಡಿ ಬರೆದಿಟ್ಟಿರಬೇಕು ಅಲ್ವಾ? ಅದಕ್ಕೇ ಈ ಕೆಲಸ ನನಗೆ ಇಷ್ಟ.

ಅದೇ ಮಾದರಿಯಲ್ಲಿ ನಮ್ಮ ಶಾಲೆಗೆ ಕನ್ನಡದಲ್ಲಿ ಒಂದು ಹಾಳೆ ಮಾಡಿಕೊಂಡೆವು. ಅಲ್ಲಿಂದ ಶುರುವಾಯಿತು ಪದಗಳ ಪ್ರಶ್ನೆ.

ಮೊದಲು ನಾನು ಮಾಡಿದ ಹಾಳೆಯಲ್ಲಿ ಎಲೆಗೆ ಮೂರು ಹಂತ ಇದ್ದವು: ‘ಎಳೆಯ ಎಲೆ’, ‘ಪ್ರೌಢ ಎಲೆ’, ‘ಸಾಯುತ್ತಿರುವ ಎಲೆ’. ಇಂಗ್ಲಿಷ್ ಹಾಳೆಯನ್ನು ಪಕ್ಕದಲ್ಲಿ ಇಟ್ಟುಕೊಂಡು ಬರೆದದ್ದು. ಮೂರನೆಯ ವಾರ ಏಳನೇ ತರಗತಿಯ ಹುಡುಗಿಯೊಬ್ಬಳು ಹೊಂಗೆ ಮರದ ಕೆಳಗೆ ನಿಂತು ಹಳದಿ ಎಲೆ ಎತ್ತಿಕೊಂಡು ಕೇಳಿದಳು: “ಎಲೆ ಸಾಯುತ್ತಾ ಸಾರ್? ಅದು ಹಣ್ಣಾಗೋದು ಅಲ್ವಾ?”

ಅವಳು ಹೇಳಿದ್ದೇ ಸರಿ. ನಮ್ಮಲ್ಲಿ ಎಲೆ ಹಣ್ಣಾಗುತ್ತದೆ. ಹಣ್ಣು ಅನ್ನುವುದು ಮರದ ಹಣ್ಣಿಗೆ ಮಾತ್ರ ಸೇರಿದ ಪದ ಅಲ್ಲ. ‘ಹಣ್ಣು ಹಣ್ಣು ಮುದುಕಿ’ ಅನ್ನುತ್ತೇವೆ. ‘ದುಡಿದು ಹಣ್ಣಾದ’ ಅನ್ನುತ್ತೇವೆ. ಹಳಗನ್ನಡದ ‘ಪಣ್’ನಿಂದ ಇಲ್ಲಿಯವರೆಗೂ ಮಾಗುವುದು, ವಯಸ್ಸಾಗುವುದು ಎಲ್ಲವೂ ಈ ಪದದೊಳಗೇ ಇವೆ.

ಆವತ್ತು ರಾತ್ರಿ ಕೂತು ಯೋಚಿಸುವಾಗ ಗಾದೆ ನೆನಪಾಯಿತು: ‘ಹಣ್ಣೆಲೆ ಉದುರುವಾಗ ಕಾಯೆಲೆ ನಗುತ್ತಿತ್ತು’. ಚಿಕ್ಕಂದಿನಿಂದ ಕೇಳಿದ ಗಾದೆ. ಮುದುಕರನ್ನು ನೋಡಿ ನಗಬೇಡಿ ಅಂತ ಹೇಳುವಾಗ ಬಳಸುತ್ತಾರೆ. ಆದರೆ ಒಂದು ಕ್ಷಣ ಅದರ ನೀತಿಯನ್ನು ಪಕ್ಕಕ್ಕಿಟ್ಟು ಬರೀ ಮರವನ್ನು ನೋಡಿ. ಹಣ್ಣೆಲೆ ಅಂದರೆ ಹಳದಿಯಾಗಿ ಉದುರುವ ಎಲೆ. ಕಾಯೆಲೆ ಅಂದರೆ ಬಲಿತು ಗಟ್ಟಿಯಾಗಿ ರೆಂಬೆಯಲ್ಲಿ ಇನ್ನೂ ನಿಂತಿರುವ ಎಲೆ. ನನ್ನ ‘ಪ್ರೌಢ’, ‘ಸಾಯುತ್ತಿರುವ’ ಎರಡಕ್ಕೂ ಉತ್ತರ ಆ ಒಂದು ಸಾಲಿನಲ್ಲಿ ಇತ್ತು. ಕೆಲವರು ಇದೇ ಗಾದೆಯಲ್ಲಿ ಕಾಯೆಲೆ ಬದಲು ‘ಚಿಗುರೆಲೆ’ ಅನ್ನುತ್ತಾರೆ. ಹಾಗಾದರೆ ಮೂರನೆಯದೂ ಸಿಕ್ಕಿತು. ಈಗ ಹಾಳೆಯಲ್ಲಿ ಚಿಗುರೆಲೆ, ಕಾಯೆಲೆ, ಹಣ್ಣೆಲೆ ಅಂತಲೇ ಇದೆ. ಮಕ್ಕಳಿಗೆ ಒಂದು ಸಲವೂ ಬಿಡಿಸಿ ಹೇಳಬೇಕಾಗಲಿಲ್ಲ.

‘ತಳಿರು’ ಅಂತ ಹಾಕಬಹುದಿತ್ತಲ್ಲ ಅಂತ ಒಬ್ಬ ಸ್ನೇಹಿತರು ಕೇಳಿದರು. ಚೆಂದದ ಪದ. ಆದರೆ ತಳಿರು ತೋರಣಕ್ಕೆ ನಾವು ಕಟ್ಟುವುದು ಬಲಿತ ಮಾವಿನ ಎಲೆಯನ್ನೇ. ಎಳೆಯದು ಕಟ್ಟಿದರೆ ಮಧ್ಯಾಹ್ನದೊಳಗೆ ಜೋಲು ಬೀಳುತ್ತದೆ. ಹಾಗಾಗಿ ಮಕ್ಕಳ ಮನಸ್ಸಿನಲ್ಲಿ ತಳಿರು ಅಂದರೆ ಹಬ್ಬದ ದಿನ ಬಾಗಿಲಲ್ಲಿ ತೂಗುವ ಕಡುಹಸಿರು ಎಲೆ. ಚಿಗುರು ಅಂದರೆ ಆ ಗೊಂದಲ ಇಲ್ಲ.

ಹೂವಿಗೆ ಕಷ್ಟ ಆಗಲಿಲ್ಲ. ಮೊಗ್ಗು, ಅರಳಿದ ಹೂ. ಮುಗಿಯಿತು.

ಕಾಯಿ-ಹಣ್ಣಿನ ಹತ್ತಿರ ಬಂದಾಗ ಸಿಕ್ಕಿಹಾಕಿಕೊಂಡೆವು. ನಿಮ್ಮೆಲ್ಲರ ಸಹಾಯ ಬೇಕಾಗಿರುವುದು ಇಲ್ಲೇ.

ಮಾವಿನ ಮರ ಸಿಕ್ಕ ಮಕ್ಕಳಿಗೆ ಪದಗಳು ಬೇಕಾದ್ದಕ್ಕಿಂತ ಜಾಸ್ತಿಯೇ ಇದ್ದವು. ಹೀಚು, ಮಿಡಿ, ಕಾಯಿ, ದೋರೆಗಾಯಿ, ಹಣ್ಣು. ನಮ್ಮ ಹಾಳೆಯಲ್ಲಿ ಎರಡೇ ಮನೆ, ‘ಕಾಯಿ’ ಮತ್ತು ‘ಹಣ್ಣು’. ದೋರೆಗಾಯಿಯನ್ನು ಯಾವ ಮನೆಗೆ ಸೇರಿಸಬೇಕು ಅಂತ ಜಗಳವೇ ಆಯಿತು. ಹುಣಸೆ ಮರದವರೂ ದೋರೆ ಹುಣಸೆ ಹಿಡಿದುಕೊಂಡು ಬಂದರು. ಸಿಪ್ಪೆ ಬಿಡಿಸಿದರೆ ಒಳಗೆ ಅರ್ಧ ಹಸಿರು, ಅರ್ಧ ಕಂದು. ಹಸಿರು ಇರುವವರೆಗೆ ಕಾಯಿ ಅಂತ ತೀರ್ಮಾನ ಮಾಡಿಕೊಂಡಿದ್ದೇವೆ. ನನಗೆ ಇದು ಪೂರ್ತಿ ಒಪ್ಪಿಗೆ ಇಲ್ಲ. ದೋರೆಗೇ ಒಂದು ಮನೆ ಕೊಡಬೇಕು ಅನ್ನುವುದು ನನ್ನ ಆಸೆ. ಇಂಥ ಸೂಕ್ಷ್ಮವನ್ನು ಒಂದೇ ಪದದಲ್ಲಿ ಹೇಳುವ ಭಾಷೆ ಇರುವಾಗ ಅದನ್ನು ಹಾಳೆಯಿಂದ ಯಾಕೆ ಬಿಡಬೇಕು?

ಆದರೆ ಹೊಂಗೆ ಬೇರೆ ಕಥೆ. ಯುಗಾದಿಗೆ ಮುಂಚೆ ಮರ ಎಲೆ ಉದುರಿಸಿ, ಎಣ್ಣೆ ಸವರಿದ ಹಾಗೆ ಹೊಳೆಯುವ ಹೊಸ ಎಲೆ ತುಂಬಿಕೊಳ್ಳುತ್ತದೆ. ಆಮೇಲೆ ಹೂವು. ಬೆಳಗ್ಗೆ ಶಾಲೆಯ ಅಂಗಳದಲ್ಲಿ ತಿಳಿ ನೇರಳೆ ಹೂವಿನ ಹಾಸು. ಆಮೇಲೆ ಕಾಯಿ. ಚಪ್ಪಟೆ, ತುದಿಯಲ್ಲಿ ಚಿಕ್ಕ ಕೊಕ್ಕು, ಒಳಗೆ ಸಾಮಾನ್ಯವಾಗಿ ಒಂದೇ ಬೀಜ. ಮೊದಲು ಹಸಿರಾಗಿರುತ್ತದೆ, ತಿಂಗಳುಗಟ್ಟಲೆ ಮರದಲ್ಲೇ ಇದ್ದು ಒಣಗಿ ಮರದ ಚಕ್ಕೆಯ ಹಾಗೆ ಗಟ್ಟಿಯಾಗುತ್ತದೆ. ಆ ಹಂತಕ್ಕೆ ಹಾಳೆಯಲ್ಲಿ ಇದ್ದದ್ದು ‘ಹಣ್ಣು’. ಮಕ್ಕಳು ಯಾರೂ ಅಲ್ಲಿ ಗುರುತು ಹಾಕಲಿಲ್ಲ. ಎರಡು ತಿಂಗಳು ಆ ಮನೆ ಖಾಲಿ. ಕೇಳಿದರೆ, “ಹೊಂಗೆ ಹಣ್ಣು ಅಂತ ಇಲ್ವಲ್ಲ ಸಾರ್, ಹೊಂಗೆ ಕಾಯಿನೇ.” ನಿಜ. ಹೊಂಗೆ ಕಾಯಿ ಒಣಗಿ ಉದುರಿ ಗಾಣಕ್ಕೆ ಹೋದರೂ ಯಾರ ಬಾಯಲ್ಲೂ ಹಣ್ಣು ಆಗುವುದಿಲ್ಲ. ನಮ್ಮ ಹಾಳೆಯ ತಪ್ಪಿನಿಂದ ಎರಡು ತಿಂಗಳ ಮಾಹಿತಿ ಹೋಯಿತು. ಅದು ನನಗೆ ತುಂಬಾ ಬೇಸರ ತಂದ ವಿಷಯ. ಮಕ್ಕಳು ವಾರ ತಪ್ಪದೆ ಬಿಸಿಲಲ್ಲಿ ನಿಂತು ನೋಡಿದ್ದರು.

ತೆಂಗೂ ಹೀಗೆಯೇ. ಹರಳು, ಎಳನೀರು, ಕಾಯಿ, ಕೊಬ್ಬರಿ. ತಿಪಟೂರಿನ ಮಕ್ಕಳಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಅಲ್ಲೂ ‘ಹಣ್ಣು’ ಅನ್ನುವ ಮನೆಗೆ ಕೆಲಸ ಇಲ್ಲ.

ಸದ್ಯಕ್ಕೆ ‘ಎಳೆಗಾಯಿ’, ‘ಬಲಿತ ಕಾಯಿ ಅಥವಾ ಹಣ್ಣು’ ಅಂತ ಬರೆದುಕೊಂಡಿದ್ದೇವೆ. ಅವರೆಕಾಯಿ ಆರಿಸುವಾಗ ಮನೆಯಲ್ಲಿ ಎಳೆಯದು, ಬಲಿತದ್ದು ಅನ್ನುತ್ತೇವಲ್ಲ, ಹಾಗೆ. ಆದರೆ ಬಲಿತ ಹಸಿರು ಕಾಯಿ ಬೇರೆ, ಒಣಗಿ ಗಟ್ಟಿಯಾದ ಕಾಯಿ ಬೇರೆ. ಎರಡಕ್ಕೂ ನಡುವೆ ತಿಂಗಳುಗಳ ಅಂತರ ಇದೆ. ಮಲೆನಾಡಿನಲ್ಲಿ ಬಲಿತು ಹಣ್ಣಾದ ಅಡಿಕೆಗೆ ‘ಗೋಟು’ ಅನ್ನುತ್ತಾರೆ. ಅದನ್ನು ಹೊಂಗೆಗೂ ಹೇಳಿದರೆ ಹೊಂದುತ್ತದಾ, ಇಲ್ಲ ಅಡಿಕೆಗೇ ಬಿಡಬೇಕಾ? ಹೊಂಗೆ ಬೀಜ ಆರಿಸಿ ಮಾರುವವರು, ಗಾಣದವರು ಒಣಗಿದ ಕಾಯಿಗೆ ಬೇರೆ ಹೆಸರು ಇಟ್ಟಿರಲೇಬೇಕು ಅಂತ ನನ್ನ ನಂಬಿಕೆ. ಉತ್ತರ ಕರ್ನಾಟಕದಲ್ಲಿ ಈ ಮರಕ್ಕೆ ಹುಲಗಲ ಅನ್ನುತ್ತಾರೆ. ಆ ಕಡೆಯವರು ಹುಲಗಲ ಕಾಯಿ ಒಣಗಿದಾಗ ಏನನ್ನುತ್ತೀರಿ, ದಯವಿಟ್ಟು ಬರೆಯಿರಿ.

ಬೂರುಗದ ಕಾಯಿ ಒಡೆದು ಹತ್ತಿ ಹಾರುವ ಹಂತಕ್ಕೆ ‘ಬಿರಿದ ಕಾಯಿ’ ಅಂತ ಹಾಕಿದ್ದೇನೆ. ‘ಒಡೆದ ಕಾಯಿ’ ಅಂದರೆ ದೇವಸ್ಥಾನದ ತೆಂಗಿನಕಾಯಿ ನೆನಪಾಗುತ್ತದೆ. ಬಿರಿಯುವುದು ತಾನಾಗಿಯೇ ಆಗುವುದು, ಹಾಗಾಗಿ ಅದೇ ಸರಿ ಅನ್ನಿಸಿತು.

ಇನ್ನೊಂದು ಪದ ‘ದಾಖಲೆ’. ಹಕ್ಕಿ, ಗಿಡ, ಚಿಟ್ಟೆ ನೋಡುವವರ ಬರಹದಲ್ಲೆಲ್ಲ ಈಗ ಇದೇ ಪದ. ಆದರೆ ಹಳ್ಳಿಯಲ್ಲಿ ದಾಖಲೆ ಅಂದರೆ ಕಾಗದಪತ್ರ. ಒಮ್ಮೆ ಒಂದು ಊರಿನಲ್ಲಿ “ನಿಮ್ಮ ಹೊಲದ ಮರಗಳ ದಾಖಲೆ ಬೇಕು” ಅಂದದ್ದಕ್ಕೆ ಹಿರಿಯರೊಬ್ಬರು ಮನೆಗೆ ಹೋಗಿ ಪಹಣಿ ತಂದರು. ಅವರ ಮುಖದಲ್ಲಿ ಹೊಲ ಹೋಗುತ್ತದೇನೋ ಅನ್ನುವ ಆತಂಕ ಇತ್ತು. ಅದನ್ನು ಮರೆಯಲು ಆಗಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯಡಿ ಊರಿನ ಗಿಡಮರ, ಪ್ರಾಣಿಪಕ್ಷಿಗಳನ್ನು ಬರೆದಿಡಲು ಪಂಚಾಯಿತಿಗಳಲ್ಲಿ ಮಾಡುವ ‘ಜನತಾ ಜೀವವೈವಿಧ್ಯ ದಾಖಲಾತಿ’ಯದೂ ಇದೇ ತೊಂದರೆ. ದಾಖಲಾತಿ ಅಂದರೆ ಜೂನ್‌ನಲ್ಲಿ ಮಗುವನ್ನು ಶಾಲೆಗೆ ಸೇರಿಸುವುದು ಅಂತಲೇ ತಾಯಂದಿರಿಗೆ ಅರ್ಥ. ‘ಬರೆದಿಡುವುದು’ ಅಂದರೆ ಸಾಲದಾ? ‘ನಮ್ಮೂರ ಗಿಡಮರ ಬರೆದಿಡೋಣ’ ಅಂದರೆ ಯಾರೂ ಪಹಣಿ ಹುಡುಕುವುದಿಲ್ಲ.

ಕೊನೆಗೆ ಈ ಇಡೀ ಕೆಲಸದ ಹೆಸರು. ವಿಜ್ಞಾನಿಗಳಲ್ಲದ ಜನರೂ ಹೀಗೆ ನೋಡಿ ಬರೆದು ವಿಜ್ಞಾನಕ್ಕೆ ಕೈಜೋಡಿಸುವುದಕ್ಕೆ ಇಂಗ್ಲಿಷಿನಲ್ಲಿ ಸಿಟಿಜನ್ ಸೈನ್ಸ್ ಅನ್ನುತ್ತಾರೆ. ಅದಕ್ಕೆ ಪತ್ರಿಕೆಗಳಲ್ಲಿ ‘ನಾಗರಿಕ ವಿಜ್ಞಾನ’ ಅಂತ ಬರುತ್ತಿದೆ. ನನಗೆ ಇದು ಒಪ್ಪುತ್ತಿಲ್ಲ. ನಾಗರಿಕ ಅಂದ ತಕ್ಷಣ ಎದುರಿಗೆ ಅನಾಗರಿಕ ನಿಲ್ಲುತ್ತದೆ. ಪದದ ಬೇರು ನಗರದಲ್ಲಿದೆ. ‘ಪೌರ ವಿಜ್ಞಾನ’ ಅಂದರೂ ಅಷ್ಟೇ, ಪೌರ ಅಂದರೂ ಪುರದವನೇ. ಮರದ ಬಗ್ಗೆ ಹೆಚ್ಚು ತಿಳಿದವರು ಹೊಲದಲ್ಲಿ, ಕಾಡಂಚಿನಲ್ಲಿ ಇರುವವರು. ಅವರ ಕೆಲಸಕ್ಕೆ ಪೇಟೆಯ ಹೆಸರು ಸರಿಯಲ್ಲ. ‘ಜನವಿಜ್ಞಾನ’ ಹತ್ತಿರ ಬರುತ್ತದೆ. ಆದರೆ ಸಸ್ಯವಿಜ್ಞಾನ ಸಸ್ಯದ ಬಗ್ಗೆ, ಜೀವವಿಜ್ಞಾನ ಜೀವಿಗಳ ಬಗ್ಗೆ ಅಂದಮೇಲೆ ಜನವಿಜ್ಞಾನ ಜನರ ಬಗ್ಗೆ ಅಂತ ಓದಿಕೊಳ್ಳುತ್ತಾರೆ. ‘ಜನರ ವಿಜ್ಞಾನ’ ಅಂತ ಬಿಡಿಸಿ ಬರೆದರೆ ಆ ದೋಷ ಇಲ್ಲ. ನನ್ನ ಒಲವು ಅದರ ಕಡೆಗೆ. ನಿಮ್ಮ ಅಭಿಪ್ರಾಯ ಏನು?

‘ವೀಕ್ಷಣೆ’ ಬಗ್ಗೆಯೂ ಕೇಳಬೇಕಿತ್ತು. ಕ್ರಿಕೆಟ್ ಮತ್ತು ಟಿವಿ ಆ ಪದವನ್ನು ಎತ್ತಿಕೊಂಡು ಹೋಗಿವೆ. ಸುಮ್ನೆ ‘ನೋಡುವುದು’ ಅಂದರೆ ಸಾಕು ಅಂತ ನಾನು ಹಾಳೆಯ ಮೇಲೆ ‘ನಾನು ನೋಡುವ ಮರ’ ಅಂತ ಬರೆದು, ಮುಂದೆ ಹೆಸರು ತುಂಬಲು ಜಾಗ ಬಿಟ್ಟಿದ್ದೆ. ಕಳೆದ ತಿಂಗಳು ಹಾಳೆ ಖಾಲಿಯಾಗಿ ಮಕ್ಕಳೇ ನೋಟ್‌ಬುಕ್‌ನಲ್ಲಿ ಗೆರೆ ಹಾಕಿಕೊಂಡಿದ್ದರು. ಹೊಂಗೆ ಗುಂಪಿನ ನೋಟ್‌ಬುಕ್‌ನ ಮೇಲೆ ಹೀಗೆ ಇತ್ತು: ‘ನಾವು ನೋಡಿಕೊಳ್ಳುವ ಮರ’. ನಾನು ತಿದ್ದಲಿಲ್ಲ. ಹೊಸ ಹಾಳೆ ಅಚ್ಚಿಗೆ ಹೋಗುವ ಮೊದಲು ಒಣಗಿದ ಹೊಂಗೆ ಕಾಯಿಯ ಹೆಸರು ಸಿಕ್ಕರೆ ಅದನ್ನೂ ಸೇರಿಸುತ್ತೇನೆ. ನಿಮ್ಮ ಊರಿನ ಹೆಸರಿನ ಜೊತೆ ಬರೆಯಿರಿ.