ಒಂದೇ ಬೆಂಕಿ, ಹಳ್ಳದ ಕಡೆ ಈಚಲು ಚಿಗುರಿದೆ, ಮೇಲೆ ಇಲ್ಲ. ಯಾಕೆ?

ಗಿರಿತಪ್ಪಲು:
ನಮ್ಮ ತೋಟ ಮುಳ್ಳಯ್ಯನಗಿರಿ ತಪ್ಪಲಲ್ಲಿ. ಮೇಲಿನ ಗುಡ್ಡಕ್ಕೆ ಫೆಬ್ರವರಿ ಕೊನೇಲಿ ಬೆಂಕಿ ಬಿದ್ದು ಎರಡು ದಿನ ಉರೀತು. ಹೂಮಳೆ, ಅಂದ್ರೆ ಕಾಫಿ ಹೂ ಬಿಡಿಸೋ ಬೇಸಿಗೆ ಮಳೆ, ಆದ್ಮೇಲೆ ಹತ್ತಿ ನೋಡಿದ್ರೆ ಹಳ್ಳದ ಪಕ್ಕ, ಪೊರಕೆಗೆ ಕೊಯ್ತಾರಲ್ಲ ಆ ಗಿಡ್ಡ ಈಚಲು, ಕರಕಲು ಬೊಡ್ಡೆ ನಡುವಿಂದ ಹಸಿರು ಗರಿ ಎದ್ದಿದೆ, ಮುಟ್ಟಿದ್ರೆ ಕೈಯೆಲ್ಲ ಮಸಿ. ಮೇಲೆ ಕಲ್ಲು ಜಾಗದಲ್ಲಿ ಅದೇ ಗಿಡ ಒಣಗಿ ನಿಂತಿದಾವೆ. ಬೆಂಕಿ ಬಿದ್ರೆ ಈಚಲು ಜಾಸ್ತಿಯಾಗುತ್ತೆ ಅಂತ ನಮ್ಮಜ್ಜ ಹೇಳೋರು, ನಿಜಾನಾ?

ಕಾನುಮನೆ:
ಈಚಲಿಗೆ ಜೀವ ಇರೋದು ಸುಳಿಯಲ್ಲಿ. ಅದನ್ನ ಹಳೇ ಗರಿಗಳ ಬುಡ ಸುತ್ತ ಮುಚ್ಚಿರುತ್ತೆ, ಹುಲ್ಲಿನ ಬೆಂಕಿ ಬೇಗ ಓಡಿ ಹೋಗೋದ್ರಿಂದ ಬಿಸಿ ಒಳಗೆ ಇಳಿಯೋದ್ರೊಳಗೆ ಮುಗ್ದಿರುತ್ತೆ. ಲಂಟಾನ ದಟ್ಟವಾಗಿದ್ರೆ ಮಾತ್ರ ಹಾಗಲ್ಲ, ಅಲ್ಲೇ ನಿಂತು ಉರಿಯುತ್ತೆ. ಆಮೇಲೆ ಚಿಗುರೋಕೆ ಬೇರಲ್ಲಿ ಸತ್ವ, ಮಣ್ಣಲ್ಲಿ ತೇವ ಬೇಕು. ಹಳ್ಳದ ಪಕ್ಕ ಮಣ್ಣು ಆಳ, ಕಲ್ಲಿನ ಮೇಲೆ ಒಂದು ಗೇಣೂ ಇರಲ್ಲ ಸಾರ್.

ಬೀಜದುಂಡೆ:
ಒಂದು ಮಾತು ಸೇರಿಸ್ತೀನಿ. ಚಿಗುರಿದ್ದು ಹಳೇ ಗಿಡವೇ, ಲೆಕ್ಕಕ್ಕೆ ಒಂದೂ ಹೆಚ್ಚಾಗಿಲ್ಲ. ಹೆಚ್ಚಾಯ್ತು ಅನ್ನಬೇಕಾದ್ರೆ ಸತ್ತಿದ್ದಕ್ಕಿಂತ ಹೊಸದಾಗಿ ಬೆಳೆದು ನಿಂತಿದ್ದು ಜಾಸ್ತಿ ಇರ್ಬೇಕು. ಬಹಳ ವರ್ಷ ಬದುಕೋ ಗಿಡಗಳಲ್ಲಿ ಒಂದು ವರ್ಷದ ಸಸಿ ಸುಟ್ಟುಹೋದ್ರೆ ಏನೂ ಗೊತ್ತಾಗಲ್ಲ, ದೊಡ್ಡವು ಉಳಿದ್ರೆ ಸಾಕು ಗುಡ್ಡ ತುಂಬಿದ ಹಾಗೇ ಕಾಣುತ್ತೆ, ಆದ್ರೆ ಪ್ರತಿ ವರ್ಷ ಬೆಂಕಿ ಬಿದ್ರೆ ಸಸಿಗೆ ಬೊಡ್ಡೆ ಕಟ್ಟೋಕೆ ಟೈಮೇ ಸಿಗಲ್ಲ, ಮುದಿ ಗಿಡ ಹೋದ ಜಾಗ ಖಾಲಿ ಉಳಿಯುತ್ತೆ. ನನಗೆ ಭಯ ಇರೋದು ಇದರದ್ದೇ.

ಹಾಗಂತ ಬೆಂಕಿ ಅಂದ್ರೆ ಬರೀ ಕೆಟ್ಟದ್ದು ಅಂತಾನೂ ಅಲ್ಲ. ಬಿಳಿಗಿರಿರಂಗನ ಬೆಟ್ಟದಲ್ಲಿ ಅಲ್ಲಿನ ಕಾಡುವಾಸಿ ಸೋಲಿಗರು ಹಿಂದೆ ತರಗುಬೆಂಕಿ, ಅಂದ್ರೆ ನೆಲದ ಒಣ ಎಲೆ ಸುಡೋ ಸಣ್ಣ ಬೆಂಕಿ, ಹಾಕೋರು, 1974ರಲ್ಲಿ ವನ್ಯಧಾಮ ಆದ್ಮೇಲೆ ಅದು ನಿಂತು ನೆಲ್ಲಿ ಮರಕ್ಕೆ ಉಪ್ಪಿಲು, ಅಂದ್ರೆ ಮರದ ಮೇಲೇ ಬೆಳೆದು ಅದರ ಸತ್ವ ಹೀರೋ ನಮ್ಮ ಬಂದಳಿಕೆ, ಜಾಸ್ತಿ ಹತ್ತಿದೆ ಅಂತ ಅವರೇ ಹೇಳ್ತಾರೆ. ಅದೇ ಬೆಂಕಿ ನೆಲ್ಲಿ ಸಸೀನೂ ಸುಡುತ್ತೆ. ಯಾವಾಗ, ಎಷ್ಟು ವರ್ಷಕ್ಕೊಮ್ಮೆ, ಎಂಥ ಜಾಗದಲ್ಲಿ ಅನ್ನೋದು ನೋಡ್ಬೇಕು.

ನೀವು ಎರಡೂ ಕಡೆ ಸಸಿ ಹುಡುಕಿ. ಈಚಲು ಸಸಿ ಮೊದಲು ಹುಲ್ಲಿನ ಥರ ಒಂದೇ ಎಲೆ ಬಿಡುತ್ತೆ, ಮೊಣಕಾಲೂರಿ ನೋಡ್ಬೇಕು.

ಗಿರಿತಪ್ಪಲು:
ಭಾನುವಾರ ತಮ್ಮನ್ನ ಕರ್ಕೊಂಡು ಹೋಗಿದ್ದೆ. ಹಳ್ಳದ ಕಡೆ ದೊಡ್ಡವು 17, ಸಸಿ 2. ಎರಡೂ ಬಂಡೆ ಸಂದಿನಲ್ಲಿ, ಬೆಂಕಿ ತಲುಪದೇ ಇದ್ದ ಕಡೆ. ಮೇಲೆ ಒಂದೂ ಸಿಗಲಿಲ್ಲ. ಎಲ್ಲಕ್ಕೂ ತಗಡಿನ ತುಂಡಿಗೆ ನಂಬರ್ ಕೊರೆದು ಕಟ್ಟಿದೀವಿ, ಮುಂದಿನ ವರ್ಷ ಹೂಮಳೆ ಆದ್ಮೇಲೆ ಮತ್ತೆ ಎಣಿಸ್ತೀವಿ.