ದೊಡ್ಡ ಮಳೆಯ ಮರುದಿನವೇ ಬೋರಿನಲ್ಲಿ ರಾಡಿ ನೀರು: ಸೆಪ್ಟಿಕ್ ಟ್ಯಾಂಕ್ ಸರಿಯಿದ್ದರೂ ಏಕೆ ಹೀಗೆ?

ಬಾವಿಕಟ್ಟೆ:
ಬಾಗಲಕೋಟೆ ಜಿಲ್ಲೆಯ ಲೋಕಾಪುರದ ಹತ್ತಿರ ನಮ್ಮದು 40 ಮನೆಗಳ ವಸತಿ. ಎಲ್ಲ ಮನೆಗಳ ಕೊಳಚೆ ಒಂದೇ ಸೆಪ್ಟಿಕ್ ಟ್ಯಾಂಕಿಗೆ ಬಂದು ಇಂಗುಗುಂಡಿಗೆ ಇಳಿಯುತ್ತದೆ. ಎರಡು ಮಳೆಗಾಲಗಳಿಂದ, ಜೋರು ಮಳೆಯಾದ ಮರುದಿನವೇ ಕುಡಿಯುವ ನೀರಿನ ಬೋರು ರಾಡಿಯಾಗುತ್ತಿದೆ. ಪರೀಕ್ಷೆಯಲ್ಲಿ ಇ. ಕೋಲಿ ಎಂಬ ಮಲದ ಸೂಕ್ಷ್ಮಾಣು ಕಂಡಿದೆ, ನೈಟ್ರೇಟ್ ಲೀಟರಿಗೆ 78 ಮಿಲಿಗ್ರಾಂ ಇದೆ. ಟ್ಯಾಂಕಿನ ಹೂಳು ತೆಗೆಸಿಯಾಯಿತು, ಬ್ಲೀಚಿಂಗ್ ಪುಡಿಯನ್ನೂ ಮೂರು ಬಾರಿ ಹಾಕಿಯಾಯಿತು. ಮನೆಯಲ್ಲಿ ಕೂಸುಗಳಿವೆ, ಇನ್ನೇನು ಮಾಡಬೇಕೋ ತಿಳಿಯದಾಗಿದೆ.

ಕೃಷ್ಣಾತೀರ:
ಕೊಳಚೆ ಟ್ಯಾಂಕಿನಲ್ಲಿ ಕನಿಷ್ಠ 24 ಗಂಟೆ ನಿಲ್ಲಬೇಕು. ನಿಮ್ಮ ಟ್ಯಾಂಕು ಚಿಕ್ಕದಾಗಿದೆ ಎಂಬುದು ಖಚಿತ. ಇನ್ನೊಂದು ಕೋಣೆ ಕಟ್ಟಿಸಿರಿ.

ಗಟ್ಟಿನೆಲ:
ಇಂಗುಗುಂಡಿಯ ತಳದಲ್ಲಿ ಮಣ್ಣಿದೆಯೋ, ಬಂಡೆಯಿದೆಯೋ? ಬೋರಿಗೆ ಕೇಸಿಂಗ್ (ಮೇಲ್ಪದರದ ಮಣ್ಣು, ನೀರು ಒಳಬರದಂತೆ ತಡೆಯುವ ಕೊಳವೆ) ಎಷ್ಟು ಆಳದವರೆಗೆ ಇಳಿಸಿದ್ದಾರೆ? ಇವೆರಡು ತಿಳಿಯದೆ ಏನು ಹೇಳಿದರೂ ಊಹೆಯೇ.

ಎರೆಹೊಲ:
ಸುತ್ತ ಕಬ್ಬಿನ ಗದ್ದೆಗಳಿದ್ದರೆ ನೈಟ್ರೇಟ್ ಯೂರಿಯಾದಿಂದ ಬಂದಿರುತ್ತದೆ. ಸುಮ್ಮನೆ ಟ್ಯಾಂಕನ್ನು ದೂರಬೇಡಿ.

ಗಟ್ಟಿನೆಲ:
ನೈಟ್ರೇಟ್ ಎರಡೂ ಕಡೆಯಿಂದ ಬರಬಹುದು, ಒಪ್ಪುತ್ತೇನೆ. ಆದರೆ ಇ. ಕೋಲಿ ಮನುಷ್ಯರ ಅಥವಾ ದನಕರುಗಳ ಕರುಳಿನಿಂದ ಬರುತ್ತದೆಯೇ ಹೊರತು ಯೂರಿಯಾ ಚೀಲದಿಂದಲ್ಲ.

ಕೃಷ್ಣಾತೀರ:
ಸೆಪ್ಟಿಕ್ ಟ್ಯಾಂಕುಗಳ ಭಾರತೀಯ ಮಾನಕವಾದ ಐಎಸ್ 2470ರ ಪ್ರಕಾರ ಬಾವಿಗೂ ಇಂಗು ವ್ಯವಸ್ಥೆಗೂ ನಡುವೆ 18 ಮೀಟರ್ ಇದ್ದರೆ ಸಾಕು. ಅಷ್ಟಿದ್ದರೆ ದೋಷ ಟ್ಯಾಂಕಿನದೇ.

ಬಾವಿಕಟ್ಟೆ:
ದೂರ 60 ಮೀಟರ್ ಇದೆ. ಗುಂಡಿಯನ್ನು 4 ಮೀಟರ್ ತೋಡಿದಾಗ ಸುಣ್ಣಕಲ್ಲು ಸಿಕ್ಕಿತು, ಅದರಲ್ಲೊಂದು ಸೀಳಿತ್ತು. ನೀರು ಬೇಗ ಇಂಗುತ್ತದೆ ಎಂದು ಗುತ್ತಿಗೆದಾರರು ಅಲ್ಲಿಯೇ ನಿಲ್ಲಿಸಿದರು. ಇದನ್ನು ಮೊದಲೇ ಬರೆಯಬೇಕೆಂದು ಹೊಳೆಯಲಿಲ್ಲ, ಏಕೆಂದರೆ ಗುಂಡಿ ಇಂದಿಗೂ ಒಮ್ಮೆಯೂ ತುಂಬಿಲ್ಲ. ಕೇಸಿಂಗ್ 6 ಮೀಟರ್ ಮಾತ್ರ.

ಗಟ್ಟಿನೆಲ:
ತುಂಬದಿರುವುದೇ ರೋಗದ ಲಕ್ಷಣ. ಲೋಕಾಪುರ, ಮುಧೋಳದ ಕಡೆ ಕಲಾದಗಿ ಶ್ರೇಣಿ ಎಂಬ ಹಳೆಯ ಶಿಲಾಪದರಗಳ ಸುಣ್ಣಕಲ್ಲೂ, ಅದನ್ನೇ ಹೋಲುವ ಡಾಲಮೈಟ್ ಕಲ್ಲೂ ಇವೆ. ತುಸು ಆಮ್ಲೀಯವಾದ ಮಳೆನೀರು ಅವುಗಳ ಬಿರುಕುಗಳನ್ನು ಕರಗಿಸಿ ಅಗಲ ಮಾಡುತ್ತದೆ. ಮಣ್ಣಿನಲ್ಲಿ ನಿಧಾನವಾಗಿ ಜಿನುಗುವಾಗ ಸೂಕ್ಷ್ಮಾಣುಗಳು ಸೋಸಿಹೋಗಿ ಸಾಯುತ್ತವೆ. ಸೀಳಿನಲ್ಲಿ ನೀರು ಕಾಲುವೆಯಂತೆ ಓಡುವುದರಿಂದ ಅದಕ್ಕೆ ಅವಕಾಶವೇ ಇಲ್ಲ. ಹಾಗಾಗಿ 18 ಮೀಟರಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕೆನಡಾದ ವಾಕರ್ಟನ್ ಊರಿನಲ್ಲಿ 2000ದ ಮೇ ತಿಂಗಳಲ್ಲಿ, ಭಾರಿ ಮಳೆಯ ನಂತರ ಸಗಣಿಗೊಬ್ಬರದ ಸೂಕ್ಷ್ಮಾಣುಗಳು ಬಿರುಕು ಬಂಡೆಯ ಬಾವಿಗೆ ಸೇರಿ 7 ಜನ ಸತ್ತರು, 2,000ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು.

ಮೊದಲು ಕೂಸುಗಳಿಗೆ ಬೇರೆ ನೀರು ಕೊಡಿ. ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ. ನೀರು ಕುದಿಸಿದರೆ ಅದು ಹೋಗುವುದಿಲ್ಲ, ಇನ್ನೂ ಸಾಂದ್ರವಾಗುತ್ತದೆ. ಆಮೇಲೆ ಗುಂಡಿಯ ನೀರು ಎಲ್ಲಿಗೆ ಹೋಗುತ್ತದೆಂದು ತಿಳಿಯಲು, ನೀರಿನಲ್ಲಿ ಹಸಿರಾಗಿ ಕಾಣುವ ಫ್ಲೋರೆಸೀನ್ ಬಣ್ಣವನ್ನು ಅದಕ್ಕೆ ಹಾಕಿ ನೋಡಿ. ಆ ದಿನಗಳಲ್ಲಿ ಬೋರಿಗೆ ಬ್ಲೀಚಿಂಗ್ ಪುಡಿ ಹಾಕಬೇಡಿ, ಕ್ಲೋರಿನ್ ಬಣ್ಣವನ್ನು ಅಳಿಸಿಬಿಡುತ್ತದೆ.

ಕೃಷ್ಣಾತೀರ:
ನಮ್ಮ ವಸತಿಯಲ್ಲಿ ಮೂರು ಕೋಣೆಗಳ ಟ್ಯಾಂಕು, ಅದರ ಮುಂದೆ ಜಲ್ಲಿಯ ಸೋಸುಕಟ್ಟೆ ಇದೆ, ಎಂದೂ ತೊಂದರೆಯಾಗಿಲ್ಲ. ಟ್ಯಾಂಕು ದೊಡ್ಡದಾಗಲಿ ಎಂಬುದೇ ನನ್ನ ಮಾತು.

ಗಟ್ಟಿನೆಲ:
ನಿಮ್ಮದು ಯಾವ ನೆಲವೆಂದು ಹೇಳಿಲ್ಲ. ಇಲ್ಲಿ ಬೇಕಾದದ್ದು ತಳಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದ, ಮರಳು ಜಲ್ಲಿ ತುಂಬಿದ, ಕೊಳಚೆಯನ್ನು ಸೋಸುವ ಜೊಂಡಿನ ಪಾತಿ. ಅಲ್ಲಿಂದ ಹೊರಬಂದ ನೀರನ್ನು ಗಿಡಗಳಿಗೆ ಬಿಡಬೇಕು, ಬಂಡೆಗಲ್ಲ.

ಬಾವಿಕಟ್ಟೆ:
ಬಣ್ಣ ಹಾಕಿ ಒಂಬತ್ತು ದಿನಗಳಾದವು. ಬ್ಲೀಚಿಂಗ್ ಪುಡಿ ಹಾಕಿರಲಿಲ್ಲ. ಮೂರನೆಯ ದಿನ ಹಸಿರು ಕಂಡದ್ದು ನಮ್ಮ ಬೋರಿನಲ್ಲಲ್ಲ, 300 ಮೀಟರ್ ಆಚೆ ಹೊಲದಲ್ಲಿರುವ ತೆರೆದ ಬಾವಿಯಲ್ಲಿ. ಆ ಮನೆಯವರು ಅದೇ ನೀರು ಕುಡಿಯುತ್ತಿದ್ದರು; ಅಂದೇ ಹೋಗಿ ತಿಳಿಸಿದೆವು. ಇಂಗುಗುಂಡಿಯ ಪೈಪು ಮುಚ್ಚಿಸಿ, ಸದ್ಯಕ್ಕೆ ಕೊಳಚೆಯನ್ನು ಟ್ಯಾಂಕರಿನಲ್ಲಿ ಸಾಗಿಸುತ್ತಿದ್ದೇವೆ. ಆದರೆ ನಮ್ಮ ಬೋರಿಗೆ ಬರುತ್ತಿರುವುದು ಯಾರ ಮನೆಯ ನೀರು? ನಮ್ಮ ಮೇಲ್ಭಾಗದಲ್ಲಿ ಎರಡು ದೊಡ್ಡಿಗಳೂ ಇನ್ನೊಂದು ಇಂಗುಗುಂಡಿಯೂ ಇವೆ. ಮುಂದಿನ ಬಣ್ಣವನ್ನು ಎಲ್ಲಿ ಹಾಕಬೇಕು?